ಆಯ್ತು ಎನ್ನದ ಬೀಗಿತ್ತಿ

ಅಕ್ಕ ಎರಡನೆಯ ಸಲ ಟೆಸ್ಟರ್ ಇಟ್ಟು ನೋಡದೇ ಹೋಗಿದ್ದರೆ?

ಸೋಮವಾರದಿಂದ ತಂಗಿಯ ತಲೆಯೊಳಗೆ ಇದೊಂದೇ ಪ್ರಶ್ನೆ ಗಿರಕಿ ಹೊಡೆಯುತ್ತಿತ್ತು. ಇವತ್ತು ಬುಧವಾರ. ಮಗುವಿನ ಬಟ್ಟೆ ಹಿಂಡುವಾಗಲೂ ಅದೇ, ಬಾಟಲಿ ಕುದಿಸುವಾಗಲೂ ಅದೇ. ಕುದಿಸಿದ್ದ ಬಾಟಲಿಯನ್ನೇ ಮರೆತು ಮತ್ತೆ ಕುದಿಸಿದಳು. ರಬ್ಬರಿನ ಮೂತಿ ಮೆತ್ತಗಾಗಿ ಪಾತ್ರೆಯ ತಳಕ್ಕೆ ಅಂಟಿಕೊಂಡದ್ದನ್ನು ನೋಡಿ, 'ಅಯ್ಯೋ, ನನ್ನ ಬುದ್ಧಿಗಿಷ್ಟು' ಎಂದು ತನ್ನನ್ನೇ ಬೈದುಕೊಂಡಳು.

ಹಾಗೆ ನೋಡಿದರೆ ಚಿಂತೆ ಅವಳಿಗೆ ಹೊಸದಲ್ಲ. ಏಳು ತಿಂಗಳ ಮಗು ಮಲಗಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುವವಳು. ಎದ್ದಿದ್ದರೆ ಯಾಕಿನ್ನೂ ಮಲಗಲಿಲ್ಲ ಎಂದು ಕಂಗಾಲಾಗುವವಳು. ಮಗು ಇನ್ನೂ ಅಂಬೆಗಾಲಿಟ್ಟಿಲ್ಲ, ಆಗಲೇ ಮನೆಯಲ್ಲಿ ಕೈಗೆಟುಕುವ ಪ್ಲಗ್ಗುಗಳಿಗೆಲ್ಲ ಟೇಪು ಸುತ್ತಿ, ಗಂಡ ಫೋನು ಚಾರ್ಜಿಗೆ ಹಾಕಬೇಕೆಂದರೆ ಸ್ಟೂಲು ಹತ್ತಬೇಕಾದ ಸ್ಥಿತಿ ತಂದಿಟ್ಟಿದ್ದಳು. ಅಕ್ಕ ಅವಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏನೇ ಗಾಬರಿ!" ಎನ್ನುತ್ತಲೇ ಬಾಗಿಲು ತಳ್ಳಿಕೊಂಡು ಬರುತ್ತಿದ್ದಳು.

"ನಾನು ಗಾಬರಿಯಾದ್ರೆ ನೀನೇನು ಕಮ್ಮೀನಾ? ಒಂದು ಬಲ್ಬ್ ಬದಲಾಯಿಸೋಕೆ ಮೂರು ಸಲ ಪರೀಕ್ಷೆ ಮಾಡ್ತೀಯ."

"ನಂದು ಗಾಬರಿ ಅಲ್ಲ ಕಣೇ, ಜಾಗ್ರತೆ. ಗಾಬರಿ ಆದ್ರೆ ಕೈ ನಡುಗುತ್ತೆ. ಜಾಗ್ರತೆ ಇದ್ರೆ ಕೈಯಲ್ಲಿ ಬೀಗ ಇರುತ್ತೆ."

ಆ ಬೀಗ ಈಗ ಎರಡು ತುಂಡಾಗಿ, ಹಾಲುಪುಡಿಯ ಖಾಲಿ ಡಬ್ಬಿಯೊಳಗೆ, ಕಪಾಟಿನ ಮೇಲುತುದಿಯಲ್ಲಿ ಕೂತಿತ್ತು.

ಅಕ್ಕ ಎಲೆಕ್ಟ್ರಿಷಿಯನ್. ಆ ಕಸುಬಿಗೆ ಬಂದದ್ದು ಅಮ್ಮನ ಹೊಲಿಗೆ ಯಂತ್ರದ ದೆಸೆಯಿಂದ. ಅಪ್ಪ ಬೇಗ ತೀರಿಹೋಗಿ, ಅಮ್ಮ ಬೀದಿಯವರ ಬಟ್ಟೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಕಾಲ. ಯಂತ್ರದ ಮೋಟಾರು ಒಂದು ದಿನ ಮೌನವ್ರತ ಹಿಡಿಯಿತು. ರಿಪೇರಿಯವನು 'ನಾಳೆ ಬರ್ತೀನಿ' ಎಂದು ಹದಿನೈದು ನಾಳೆಗಳನ್ನು ದಾಟಿಸಿದ. ಹದಿನಾರನೆಯ ದಿನ ಅಕ್ಕ ತಾನೇ ಬಿಚ್ಚಿದಳು. ಒಳಗೆ ಸವೆದುಹೋಗಿದ್ದ ಉಗುರಿನಷ್ಟು ಕಾರ್ಬನ್ ತುಂಡನ್ನು ಅಂಗಡಿಗೆ ಒಯ್ದು, 'ಇದರ ಜೋಡಿ ಕೊಡಿ' ಎಂದು ತಂದು ಕೂರಿಸಿದಳು. ಯಂತ್ರ ಗುರ್ ಎಂದಿತು. ಆ ಗುರ್ ಎಂಬ ಸದ್ದೇ ನನ್ನನ್ನು ಕೆಡಿಸಿದ್ದು ಎಂದು ಅಕ್ಕ ಈಗಲೂ ನಗುತ್ತಾಳೆ.

ತರಬೇತಿ ಶಾಲೆಗೆ ಅರ್ಜಿ ಹಿಡಿದು ಹೋದಾಗ ಅಲ್ಲಿನ ಗುಮಾಸ್ತ ತಲೆಯೆತ್ತದೆ, "ಹೊಲಿಗೆ ವಿಭಾಗ ಎಡಗಡೆ ಇದೆಯಮ್ಮ" ಎಂದನಂತೆ. "ಗೊತ್ತು ಸಾರ್. ಅದಕ್ಕೇ ಬಲಗಡೆ ಬಂದೆ" ಎಂದಳಂತೆ ಅಕ್ಕ. ಮೂವತ್ತೆರಡು ಹುಡುಗರ ನಡುವೆ ಅವಳೊಬ್ಬಳೇ ಹುಡುಗಿ. ಎರಡು ವರ್ಷದಲ್ಲಿ ಮೂವತ್ತೆರಡು ಬಗೆಯ ಕುಚೋದ್ಯ ಕೇಳಿಸಿಕೊಂಡಳು, ಮೂವತ್ತೆರಡಕ್ಕೂ ಉತ್ತರ ಕೊಟ್ಟಳು, ಕೊನೆಗೆ ಪರೀಕ್ಷೆಯಲ್ಲಿ ಮೊದಲು ಬಂದಳು.

ಹತ್ತೊಂಬತ್ತನೆಯ ವಯಸ್ಸಿಗೆ ಒಬ್ಬ ಹಿರಿಯ ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕೆ ಸೇರಿದಳು. ಇನ್ನೂ ಗೋಡೆ ಎದ್ದಿರದ ಕಟ್ಟಡ. ಮೇಸ್ತ್ರಿ ಮೂರನೆಯ ಮಹಡಿಯಲ್ಲಿ ತಂತಿ ಜೋಡಿಸುತ್ತಿದ್ದರು. ಅಕ್ಕ ಕೆಳಗೆ ಮೇನ್ ಬೋರ್ಡಿನ ಮುಂದೆ ನಿಂತಿದ್ದಳು. ನಡುವೆ ಕಾಂಕ್ರೀಟು ಕಲೆಸುವ ಯಂತ್ರದ ಗಡಗಡ. ಅಕ್ಕ ಕತ್ತೆತ್ತಿ ಕೂಗಿದಳು.

"ಆಯ್ತಾ?"

ಮೇಲಿನಿಂದ ಉತ್ತರ ಬಂತು. "ಆಯ್ತು!"

ಅಕ್ಕ ಸ್ವಿಚ್ ಎತ್ತಿದಳು.

ಅಕ್ಕ ಕೇಳಿದ್ದು 'ಕೆಲಸ ಮುಗೀತಾ' ಎಂದು. ಮೇಸ್ತ್ರಿಗೆ ಆ ಗದ್ದಲದಲ್ಲಿ ಏನು ಕೇಳಿಸಿತೋ, ಹುಡುಗಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡು, 'ಆಯ್ತು, ಇರು' ಎನ್ನುವ ಅರ್ಥದಲ್ಲಿ ಅಂದಿದ್ದರು. 'ಇರು' ಎಂಬುದು ಬಾಯಿಂದ ಹೊರಡುವ ಮೊದಲೇ ಕೆಳಗಿನಿಂದ ಕರೆಂಟು ಹೊರಟಿತ್ತು. ಜೀವ ಉಳಿಯಿತು. ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮಂಚದ ಪಕ್ಕ ನಿಂತು ಅಕ್ಕ ಬಿಕ್ಕುತ್ತಿದ್ದರೆ, ಮೇಸ್ತ್ರಿ ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡೇ ರೇಗಿದರು.

"ಅಳು ನಿಲ್ಸು. ಒಂದು ಮಾತಿಗೆ ನಾಲ್ಕು ಅರ್ಥ. ನಮಗೇ ಗೊತ್ತಾಗಲ್ಲ, ತಂತಿಗೆ ಗೊತ್ತಾಗುತ್ತಾ? ಈ ಸಲದ ತಪ್ಪು ನಿಂದೂ ಹೌದು, ನಂದೂ ಹೌದು. ಇನ್ನೊಂದು ಸಲ ಮಾತು ನಂಬಿದ್ರೆ ಮಾತ್ರ ನಿಂದೊಬ್ಬಳದೇ."

ಎಡಗೈಯಿಂದ ದಿಂಬಿನ ಕೆಳಗೆ ತಡಕಾಡಿ ಒಂದು ಕೆಂಪು ಬೀಗ ತೆಗೆದರು. ಯಾರ ಕೈಯಲ್ಲೋ ತರಿಸಿಟ್ಟಿದ್ದರು. "ಕೆಲಸಕ್ಕೆ ಮುಂಚೆ ಸ್ವಿಚ್ ಇಳಿಸಿ ಅದರ ಹಿಡಿಗೆ ಇದನ್ನ ಹಾಕು. ಕೀಲಿ ಕೊರಳಲ್ಲಿರ್ಲಿ. ಕೀಲಿ ನಿನ್ನ ಕೊರಳಲ್ಲಿರೋ ತನಕ ಯಾರಪ್ಪನ ಕೈಲೂ ಸ್ವಿಚ್ ಎತ್ತೋಕಾಗಲ್ಲ."

ಅಂದಿನಿಂದ ಅಕ್ಕ 'ಆಯ್ತು' ಎಂಬ ಮಾತನ್ನೇ ಬಿಟ್ಟಳು. ಕೆಲಸದಲ್ಲಿ ಬಿಟ್ಟದ್ದು ಸರಿ, ಮನೆಯಲ್ಲೂ ಬಿಟ್ಟಳು, ಸಾಲದ್ದಕ್ಕೆ ಆಗ ಆರು ವರ್ಷದವಳಾಗಿದ್ದ ತಂಗಿಯ ಬಾಯಿಂದಲೂ ಬಿಡಿಸಿದಳು. ಅದರ ಜಾಗಕ್ಕೆ ನಾಲ್ಕು ಮಾತು ಬಂದವು. ಕೆಲಸ ತೀರಿದರೆ 'ಮುಗೀತು'. ಕಿವಿಗೆ ಬಿದ್ದರೆ 'ಕೇಳಿಸ್ತು'. ಮನಸ್ಸಿಗೆ ಬಂದರೆ 'ಒಪ್ಪಿದೆ'. ಬೇಡವೆಂದರೆ 'ಸಾಕು'. ತಪ್ಪಿ ಹಳೆಯ ಮಾತು ಆಡಿದವರು ಆವತ್ತಿನ ಪಾತ್ರೆ ತೊಳೆಯಬೇಕು. ತಂಗಿಯ ಬಾಲ್ಯದ ಅರ್ಧ ಭಾಗ ಪಾತ್ರೆಯ ಮುಂದೆಯೇ ಕಳೆದದ್ದು ಹೀಗೆ. ಶಾಲೆಯಲ್ಲಿ ಟೀಚರು 'ಹೋಂವರ್ಕ್ ಆಯ್ತಾ' ಎಂದರೆ, "ಮುಗೀತು ಮಿಸ್, ಬ್ಯಾಗಲ್ಲಿದೆ, ತೋರಿಸ್ಲಾ?" ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಟೀಚರು ಇವಳನ್ನು ಬಹಳ ಶಿಸ್ತಿನ ಹುಡುಗಿ ಎಂದುಕೊಂಡಿದ್ದರು, ಪಾಪ.

ಮದುವೆಯ ಮಾತು ಬಂದಾಗ ಹುಡುಗನನ್ನೂ ಅಕ್ಕ ಬಿಡಲಿಲ್ಲ. ಅವನು ಅಕ್ಕನ ಕಾರ್ಖಾನೆಯಲ್ಲೇ ಸ್ಟೋರ್ ಕೀಪರ್. ಕಪಾಟುಗಳ ನಡುವೆ ಕೂತು, ಯಾರಿಗೆ ಯಾವ ಸಾಮಾನು ಎಷ್ಟು ಗಂಟೆಗೆ ಕೊಟ್ಟೆ ಎಂದು ಚೀಟಿ ಬರೆಯುವವನು. ಒಂದು ಸ್ಪ್ಯಾನರ್ ಕೂಡ ಚೀಟಿಯಿಲ್ಲದೆ ಹೊಸಿಲು ದಾಟಲು ಬಿಡದವನು. "ನಮ್ಮ ಗಾಬರಿ ನಿಮಗೆ ಇಷ್ಟಾನಾ?" ಎಂದು ಅಕ್ಕ ಕೇಳಿದಳು. ಅವನು ನಾಚಿಕೊಂಡು "ಆಯ್ತು" ಎಂದ.

"ಆಯ್ತು ಅಂದ್ರೆ? ಒಪ್ಪಿದ್ರೋ, ಕೇಳಿಸ್ಕೊಂಡ್ರೋ, ಸಾಕು ಅಂದ್ರೋ?"

ಅವನು ಕ್ಷಣ ಯೋಚಿಸಿ ಗಂಭೀರವಾಗಿ ಕೇಳಿದ. "ಬರೆದು ಕೊಡ್ಲಾ?"

ಆ ಉತ್ತರಕ್ಕೇ ಅಕ್ಕ ಅವನನ್ನು ಮೆಚ್ಚಿದ್ದು.

ಕಾರ್ಖಾನೆಯಲ್ಲಿ ತಯಾರಾಗುವುದು ರಟ್ಟಿನ ಪೆಟ್ಟಿಗೆ. ಒಳಗೆ ಕಾಲಿಟ್ಟರೆ ಅಂಟಿನ ಹುಳಿ ವಾಸನೆ, ಹುಬ್ಬಿನ ಮೇಲೆಲ್ಲ ಕಂದು ಬಣ್ಣದ ಕಾಗದದ ಪುಡಿ. ಹನ್ನೊಂದು ವರ್ಷದ ಹಿಂದೆ ಅಕ್ಕ ಅಲ್ಲಿ ಮೊದಲ ದಿನವೇ ಸ್ವಿಚ್ಚಿನ ಹಿಡಿಗೆ ಕೆಂಪು ಬೀಗ ತಗುಲಿಸಿ, 'ನಾನು ಒಳಗಿದ್ದೀನಿ' ಎಂದು ಬರೆದ ರಟ್ಟಿನ ತುಂಡನ್ನು ಅದಕ್ಕೆ ನೇತುಹಾಕಿದಾಗ ಯಾರೋ ಕೂಗಿದರು: "ಲೋ, ಬೀಗಿತ್ತಿ ಬಂದ್ರು, ಕುರ್ಚಿ ಹಾಕ್ರೋ!"

"ಕುರ್ಚಿ ಬೇಡ, ಏಣಿ ಕೊಡಿ" ಎಂದಳು ಅಕ್ಕ. ಹೆಸರು ಅಂಟಿಕೊಂಡಿತು. ಮದುವೆಯಾಗದ, ಮಕ್ಕಳಿಲ್ಲದ ಅಕ್ಕ ಅದನ್ನು ತಾನೇ ಹೇಳಿಕೊಂಡು ನಗುತ್ತಿದ್ದಳು. "ಮಗನಿಲ್ಲ, ಮಗಳಿಲ್ಲ, ಆದ್ರೂ ಮುನ್ನೂರು ಜನಕ್ಕೆ ಬೀಗಿತ್ತಿ. ಇಂಥ ಭಾಗ್ಯ ಯಾರಿಗುಂಟು?"

ಎಲ್ಲರೂ ನಗುತ್ತಿದ್ದರು, ಒಬ್ಬನನ್ನು ಬಿಟ್ಟು. ಸೂಪರ್‌ವೈಸರ್. ಬಾಯಿ ತೆರೆದರೆ 'ಅರ್ಜೆಂಟು' ಎನ್ನುತ್ತಿದ್ದುದರಿಂದ ಅವನಿಗೆ ಅದೇ ಹೆಸರು. ಅಕ್ಕ ಬೀಗ ಹಾಕಿದಳೆಂದರೆ ಲೈನು ನಿಂತಿತು. ಅವಳೇ ಇಳಿದುಬಂದು ಕೀಲಿ ತಿರುಗಿಸುವ ತನಕ ಅರ್ಜೆಂಟುವಿನ ಅರ್ಜೆಂಟು ನಡೆಯುವುದಿಲ್ಲ. ಸ್ವಿಚ್ಚು ಇಳಿಸಿದರಷ್ಟೇ ಸಾಲದು ಅಕ್ಕನಿಗೆ. ಮೊದಲು ಕರೆಂಟಿರುವ ಕಡೆ ಟೆಸ್ಟರ್ ಇಟ್ಟು ಅದರ ದೀಪ ಹತ್ತುತ್ತದೆಯೇ ನೋಡುವಳು, ಆಮೇಲೆ ಕೆಲಸದ ತಂತಿಗೆ ಇಟ್ಟು ಹತ್ತುವುದಿಲ್ಲವೇ ನೋಡುವಳು, ಮತ್ತೆ ಕರೆಂಟಿರುವ ಕಡೆ ಇಟ್ಟು ದೀಪವೇ ಕೆಟ್ಟಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಳ್ಳುವಳು. ಕೆಲಸದ ನಡುವೆ ಒಂದು ಹೆಜ್ಜೆ ಪಕ್ಕಕ್ಕೆ ಹೋಗಿ ಬಂದರೂ ಎಲ್ಲ ಮೊದಲಿನಿಂದ. "ಟೆಸ್ಟರ್‌ಗೇ ಸಲಾಂ ಹೊಡೀತಾ ಕೂತ್ಕೋ" ಎಂದು ಅರ್ಜೆಂಟು ಹಂಗಿಸುತ್ತಿದ್ದ. "ನಿಮಗೆ ಹೊಡೆಯೋದಕ್ಕಿಂತ ಲಾಭ ಇದೆ ಸಾರ್" ಎಂದು ಅಕ್ಕ ಮೇಲಿನಿಂದಲೇ ಉತ್ತರಿಸುತ್ತಿದ್ದಳು.

ಸೋಮವಾರ ಅಂಟು ಹಚ್ಚುವ ಯಂತ್ರದ ನೆತ್ತಿಯ ಮೇಲಿದ್ದ ತಂತಿಯ ಪೆಟ್ಟಿಗೆಯಲ್ಲಿ ಒಂದು ಜೋಡಣೆ ಸುಟ್ಟು ಕಪ್ಪಾಗಿತ್ತು. ಅಕ್ಕ ಬೀಗ ಹಾಕಿ, ಮೂರು ಸಲ ಪರೀಕ್ಷೆ ಮುಗಿಸಿ, ಏಣಿ ಹತ್ತಿ ಅಟ್ಟಣೆಯ ಮೇಲೆ ಮಂಡಿಯೂರಿ ಕೂತಿದ್ದಳು. ಹನ್ನೆರಡು ಹೊಡೆಯುವ ಹೊತ್ತು. ಅರ್ಜೆಂಟು ಕೆಳಗೆ ಬಂದು ನಿಂತು ಕೂಗಿದ.

"ಆಯ್ತಾ?"

ಅಕ್ಕ ಮಾತಾಡಲಿಲ್ಲ. ಆ ಪ್ರಶ್ನೆಗೆ ಅವಳು ಇಪ್ಪತ್ತೆರಡು ವರ್ಷದಿಂದ ಉತ್ತರ ಕೊಟ್ಟಿಲ್ಲ. ಆದರೆ ಯಂತ್ರದ ಆಚೆ ಬದಿಯಲ್ಲಿ ಅದೇ ಹೊತ್ತಿಗೆ ಯಾರೋ ಯಾರನ್ನೋ 'ಊಟ ಆಯ್ತಾ' ಎಂದು ಕೇಳಿದ್ದರು. ಡಬ್ಬಿ ತೊಳೆದುಕೊಂಡು ಬರುತ್ತಿದ್ದ ಒಬ್ಬ ಹೊಟ್ಟೆ ತುಂಬಿದವನ ಗಟ್ಟಿ ದನಿಯಲ್ಲಿ ಕೂಗಿ ಹೇಳಿದ. "ಆಯ್ತು!"

ಅರ್ಜೆಂಟುವಿಗೆ ಅಷ್ಟು ಸಾಕಾಗಿತ್ತು. ಕಟರ್ ಮೊದಲೇ ಅವನ ಕೈಯಲ್ಲಿತ್ತು. ಇಪ್ಪತ್ತೆರಡು ವರ್ಷ ಯಾರ ಜಬರದಸ್ತಿಗೂ ಬಾಗದ ಬೀಗ ಒಂದೇ ಅದುಮಿಗೆ ಕಟ್ ಎಂದಿತು. ಸ್ವಿಚ್ಚು ಮೇಲೆದ್ದಿತು.

ಮೇಲೆ ಅಕ್ಕ ಆಗಷ್ಟೇ ಸ್ಕ್ರೂ ಒಂದನ್ನು ತರಲು ಅಟ್ಟಣೆಯ ಆ ಕೊನೆಗೆ ಹೋಗಿ ಮರಳಿದ್ದಳು. ಮರಳಿದವಳು ತನ್ನ ಪದ್ಧತಿಯಂತೆ, ತಂತಿಗೆ ಬೆರಳು ತಾಗಿಸುವ ಮೊದಲು ಟೆಸ್ಟರ್ ಇಟ್ಟಳು.

ದೀಪ ಹತ್ತಿತು.

ಅವಳು ಚೀರಲಿಲ್ಲ. ಏಣಿಯ ಒಂದೊಂದೇ ಮೆಟ್ಟಿಲು ಇಳಿದು, ಸ್ವಿಚ್ಚಿನ ಹತ್ತಿರ ನಡೆದು, ಅರ್ಜೆಂಟುವಿನ ಕೈಯನ್ನು ಹಿಡಿಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟು, ಸ್ವಿಚ್ಚು ಇಳಿಸಿದಳು. ಬೀಗದ ಎರಡು ತುಂಡುಗಳನ್ನು ಆರಿಸಿಕೊಂಡು ಜೇಬಿಗೆ ಹಾಕಿದಳು. ಆಮೇಲೆ ಆ ಸ್ವಿಚ್ಚಿಗೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಏಳಮ್ಮ, ಲೈನ್ ನಿಂತಿದೆ!"

"ನನ್ನ ಉಸಿರು ನಿಲ್ತಿತ್ತು ಸಾರ್. ಲೈನ್ ನಿಂತ್ರೆ ಎಣ್ಣೆ ಹಾಕಿದ್ರೆ ಹೋಗುತ್ತೆ. ನನಗೆ ಯಾವ ಎಣ್ಣೆ ಹಾಕ್ತಿದ್ರಿ?"

ಒಂದೂವರೆ ಗಂಟೆ ಅವಳು ಅಲ್ಲಿಂದ ಏಳಲಿಲ್ಲ. ಅವಳನ್ನು ದಾಟಿ ಸ್ವಿಚ್ಚು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

ಇದನ್ನೆಲ್ಲ ಅಕ್ಕ ತಂಗಿಯ ಮನೆಯಲ್ಲಿ ನಡೆದು ತೋರಿಸಿದ್ದಳು, ಮಂಗಳವಾರ ಸಂಜೆ. ಅಕ್ಕ ಕತೆ ಹೇಳಿದರೆ ಎಲ್ಲ ಪಾತ್ರವೂ ಅವಳೇ. ಊಟ ಮುಗಿಸಿದವನ ತೇಗನ್ನು ಕೂಡ ಬಿಡಲಿಲ್ಲ; ಮಗು ಕಿಲಕಿಲ ನಕ್ಕಿತು. ತಂಗಿ ಮಾತ್ರ ನಗಲಿಲ್ಲ. ಮುಂದಿನ ಕತೆ ಇನ್ನೂ ಇತ್ತು. ಆವತ್ತು ಬೆಳಿಗ್ಗೆ ಮ್ಯಾನೇಜರು ಅಕ್ಕನನ್ನು ಕೋಣೆಗೆ ಕರೆಸಿ ಒಂದು ಕಾಗದ ಮುಂದಿಟ್ಟಿದ್ದರು. ಅದರಲ್ಲಿ ಟೈಪು ಮಾಡಿದ್ದು ಇಷ್ಟು: ಹನ್ನೆರಡೂವರೆಗೆ ನಾನು ಕೆಲಸ ಮುಗಿಸಿ, 'ಆಯ್ತು' ಎಂದು ತಿಳಿಸಿ ಕೆಳಗಿಳಿದೆ, ಬೀಗದ ಕೀಲಿ ಕಳೆದುಹೋಗಿದ್ದರಿಂದ, ನನ್ನ ಕೋರಿಕೆಯ ಮೇರೆಗೇ ಬೀಗವನ್ನು ಕತ್ತರಿಸಲಾಯಿತು.

ಅಕ್ಕ ಓದಿದಳು. ಇನ್ನೊಂದು ಸಲ ಓದಿದಳು. ಕುತ್ತಿಗೆಯ ದಾರವನ್ನು ಮೇಲಕ್ಕೆಳೆದು ಕೀಲಿಯನ್ನು ಮೇಜಿನ ಮೇಲೆ ತೂಗಾಡಿಸಿದಳು.

"ಕಳೆದುಹೋದ ಕೀಲಿ ಇದೇನಾ ಸಾರ್?"

"ನೋಡಮ್ಮ, ಏನೂ ಆಗಲಿಲ್ಲವಲ್ಲ. ಆಯ್ತು, ಇಲ್ಲಿಗೆ ಬಿಟ್ಬಿಡೋಣ. ಒಂದು ಸಹಿ ತಾನೇ?"

"ಬೇರೆ ಯಾವ ಸುಳ್ಳಿಗಾದ್ರೂ ಹಾಕ್ತಿದ್ದೆನೋ ಏನೋ. ಆಯ್ತು ಅಂದೆ ಅನ್ನೋ ಸುಳ್ಳಿಗೆ ಹಾಕಲ್ಲ. ನಮ್ಮ ಮೇಸ್ತ್ರಿ ಎರಡು ಬೆರಳು ಕೊಟ್ಟು ಆ ಮಾತು ಬಿಡಿಸಿದಾರೆ."

"ಶುಕ್ರವಾರ ಬೆಳಿಗ್ಗೆವರೆಗೆ ಟೈಮಿದೆ. ಸಹಿ ಇಲ್ದಿದ್ರೆ ಗೇಟಿನೊಳಗೆ ಬರೋದು ಬೇಡ."

ಅಕ್ಕ ಗೇಟಿನಿಂದ ನೆಟ್ಟಗೆ ಕಾರ್ಖಾನೆಗಳ ತಪಾಸಣೆ ಮಾಡುವ ಕಚೇರಿಗೆ ಹೋಗಿ ದೂರು ಬರೆದು ಕೊಟ್ಟಳು. ಇನ್‌ಸ್ಪೆಕ್ಟರು ಗುರುವಾರ ಕಾರ್ಖಾನೆಗೆ ಬರುತ್ತಾರಂತೆ. ಅಲ್ಲಿನ ಗುಮಾಸ್ತ ಒಂದು ಕಾರ್ಡು ಕೊಟ್ಟು, "ನಿಮ್ಮ ಮಾತು ಒಂದು ಕಡೆ, ಅವರ ಮಾತು ಒಂದು ಕಡೆ. ಸಾಕ್ಷಿ ಅಂತ ಯಾರಾದ್ರೂ ಇದ್ರೆ ಬುಧವಾರ ಐದು ಗಂಟೆಯೊಳಗೆ ಫೋನ್ ಮಾಡ್ಸಿ" ಎಂದಿದ್ದ.

"ಸಾಕ್ಷಿ ಯಾರಿದಾರೆ?" ತಂಗಿ ಕೇಳಿದಳು.

"ಕಂಡೋರು ಇದಾರೆ, ಹೇಳೋರಿಲ್ಲ. ಊಟ ಮಾಡಿದ ಮಹರಾಯನಿಗಂತೂ ತಾನು ಏನಂದೆ ಅನ್ನೋದೇ ನೆನಪಿಲ್ವಂತೆ." ಅಕ್ಕ ಕಾರ್ಡನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿ, ಬೀಗದ ತುಂಡುಗಳನ್ನು ತಂಗಿಯ ಕೈಗಿಟ್ಟಳು. "ನನ್ನ ಕೋಣೆಗೆ ಬೀಗ ಸರಿಯಿಲ್ಲ ಅಂದ್ರೆ ನಗಬೇಡ. ನೀನೇ ಇಟ್ಕೊಂಡಿರು. ಮಗು ಕೈಗೆ ಸಿಗದ ಕಡೆ ಇಡು."

"ಅಕ್ಕಾ, ಸಹಿ ಹಾಕಿಬಿಟ್ರೆ ಏನಾಗುತ್ತೆ? ಕೆಲಸ ಉಳಿಯುತ್ತಲ್ಲ..."

ಅಕ್ಕ ಬಾಗಿಲಲ್ಲಿ ನಿಂತು ತಿರುಗಿದಳು. "ನಾಳೆ ಇನ್ನೊಬ್ಬ ಆ ಏಣಿ ಹತ್ತುತ್ತಾನೆ ಕಣೇ ಗಾಬರಿ. ಬೀಗಿತ್ತಿ ಬೀಗಾನೇ ಕತ್ತರಿಸಿದ್ರು, ಅವಳೇ ಸಹಿ ಹಾಕಿ ಕೊಟ್ಳು ಅಂದ್ರೆ ಅವನ ಬೀಗಕ್ಕೆ ಯಾವ ಬೆಲೆ? ಕೆಲಸ ಹೋದ್ರೆ ಹೋಗ್ಲಿ. ಕೈ ಇದೆ, ಹತ್ತು ಬೆರಳೂ ಇವೆ."

ಅವಳು ಮೆಟ್ಟಿಲಿಳಿದು ಹೋಗುವ ಸದ್ದನ್ನು ಕೇಳುತ್ತಾ ತಂಗಿ ನಿಂತೇ ಇದ್ದಳು. ಅಕ್ಕನಿಗೆ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಸೋಮವಾರ ಸಂಜೆ, ಮಗುವಿಗೆ ಸ್ನಾನ ಮಾಡಿಸಿ ಟವೆಲಿನಲ್ಲಿ ಸುತ್ತುತ್ತಿದ್ದಾಗ ಗಂಡ ಗೋಡೆ ನೋಡಿಕೊಂಡು ಹೇಳಿದ್ದ.

"ಕಟರ್ ಕೊಟ್ಟೋನು ನಾನೇ."

ಅರ್ಜೆಂಟು ಸ್ಟೋರಿಗೆ ಬಂದು ಕಟರ್ ಕೇಳಿದಾಗ ಇವನು, "ಅಕ್ಕನ ಕೆಲಸ ಆಯ್ತಾ ಸಾರ್?" ಎಂದು ಕೇಳಿದ್ದನಂತೆ. "ಆಯ್ತು, ಆಯ್ತು, ಕೊಡಪ್ಪಾ" ಎಂದಿದ್ದನಂತೆ ಅವನು. ಮುಗಿಯಿತು ಎಂದೋ, ನಿನ್ನ ತಲೆಹರಟೆ ಸಾಕು ಎಂದೋ! ಇವನು ಮುಗಿಯಿತೆಂದು ತಿಳಿದ. ಚೀಟಿ ಬರೆದು, ಸಹಿ ಹಾಕಿಸಿಕೊಂಡು, ಕಟರ್ ಕೊಟ್ಟ.

"ನಮ್ಮನೇಲಿ ಇಷ್ಟು ವರ್ಷ ಆ ಮಾತಿಗೆ ಪಾತ್ರೆ ತೊಳೆದಿದೀರಲ್ರೀ! ನಿಮಗೂ ಗೊತ್ತಾಗಲಿಲ್ವಾ?" ಎಂದು ಅವಳು ಅತ್ತಿದ್ದಳು. ಅವನು ಅಂದಿದ್ದು ಒಂದೇ. "ಆಯ್ತು ಬಿಡು. ಏನೂ ಆಗ್ಲಿಲ್ವಲ್ಲ. ಯಾರಿಗೂ ಹೇಳ್ಬೇಡ."

ಅವಳು ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೂ.

ಬುಧವಾರ ಬೆಳಿಗ್ಗೆಯಿಡೀ ಕಾರ್ಡು ಕನ್ನಡಿಯಿಂದ ಅವಳನ್ನು ದಿಟ್ಟಿಸುತ್ತಿತ್ತು. ಎರಡು ಸಲ ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಡಿದಳು. ಹೇಳಿದರೆ ಗಂಡನ ಕೆಲಸಕ್ಕೆ ಕುತ್ತು. ಹೇಳದಿದ್ದರೆ ಅಕ್ಕ ಸುಳ್ಳಿ. ಅಪರಿಚಿತರಿಗೆ ಫೋನು ಮಾಡಬೇಕೆಂದರೇ ಅವಳಿಗೆ ನಾಲಿಗೆ ಒಣಗುತ್ತಿತ್ತು. ಗ್ಯಾಸ್ ಬುಕ್ ಮಾಡುವಾಗಲೂ ಮೊದಲು ಕಾಗದದ ಮೇಲೆ ಬರೆದಿಟ್ಟುಕೊಂಡು ಓದುವವಳು. ಮಗುವನ್ನು ಸೊಂಟಕ್ಕೇರಿಸಿಕೊಂಡು ಕೋಣೆಯಿಂದ ಕೋಣೆಗೆ ತಿರುಗಿದಳು. ಹಾಲುಪುಡಿಯ ಡಬ್ಬಿ ಇಳಿಸಿ ಬೀಗದ ತುಂಡನ್ನು ಕೈಗೆತ್ತಿಕೊಂಡಳು. ಕೆಂಪು ಬಣ್ಣ ಹೆಬ್ಬೆರಳು ತಾಗುವ ಜಾಗದಲ್ಲಿ ಸವೆದು ಬಿಳುಚಿಕೊಂಡಿತ್ತು. ಕತ್ತರಿಸಿದ ಅಂಚು ಮಾತ್ರ ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಮಗು ಕೈ ಚಾಚಿತು. ಅವಳು ಗಾಬರಿಯಿಂದ ಹಿಂದಕ್ಕೆಳೆದುಕೊಂಡಳು.

ಆಗ ಹೊಳೆಯಿತು. ಇಷ್ಟು ದಿನ ಅವಳು ಹೆದರಿದ್ದೆಲ್ಲ ಪ್ಲಗ್ಗಿಗೆ, ಬಾಟಲಿಗೆ, ಮೆಟ್ಟಿಲಿಗೆ. ಅವುಗಳಿಗೆಲ್ಲ ಟೇಪು ಸುತ್ತಿದ್ದಳು. ಅಕ್ಕನ ಕೈ ಸುಡಲು ಹೊರಟದ್ದು ಪ್ಲಗ್ಗಲ್ಲ, ಒಂದು ಮಾತು. ಆ ಮಾತನ್ನು ಮೂರು ದಿನದಿಂದ ತಾನೂ ಆಡುತ್ತಿದ್ದಾಳೆ, ಬಾಯಿ ಬಿಡದೆಯೇ. ಗಂಡ 'ಆಯ್ತು ಬಿಡು' ಎಂದ, ಇವಳು ಬಿಟ್ಟಳು.

ಕಾರ್ಖಾನೆ ಹತ್ತಿರವೇ ಇದ್ದುದರಿಂದ ಗಂಡ ಊಟಕ್ಕೆ ಮನೆಗೇ ಬರುತ್ತಿದ್ದ. ಒಂದು ಗಂಟೆಗೆ ಸೈಕಲ್ ಒರಗಿಸಿ ಒಳಗೆ ಬಂದವನಿಗೆ ಅವಳು ತಟ್ಟೆ ಇಡಲಿಲ್ಲ. ಮೇಜಿನ ಮೇಲೆ ಬೀಗದ ಎರಡು ತುಂಡು ಇಟ್ಟಿದ್ದಳು.

"ರೀ, ನಾನು ಆ ಕಚೇರಿಗೆ ಫೋನ್ ಮಾಡ್ತೀನಿ."

ಅವನು ತುಂಡುಗಳನ್ನು ನೋಡಿದ. "ಹುಚ್ಚಾ ನಿಂಗೆ? ನನ್ನ ಹೆಸರು ಬರುತ್ತೆ."

"ಬರುತ್ತೆ. ನಾನೇ ಹೇಳ್ತೀನಲ್ಲ."

"ಮಗು ಇದೆ ಕಣೇ ಮನೇಲಿ."

"ಮಗು ಇದೆ ಅಂತಾನೇ ಹೇಳ್ತಿರೋದು!" ಅವಳ ದನಿ ಏರಿತು, ಕೈ ನಡುಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ನಾಳೆ ನನ್ನ ಮಗಳು ಕೇಳ್ತಾಳೆ, ದೊಡ್ಡಮ್ಮನ ಕೆಲಸ ಯಾಕೆ ಹೋಯ್ತು ಅಂತ. ನಿಮ್ಮಪ್ಪ ಚೀಟಿ ಬರೆದ್ರು, ಆಮೇಲೆ ಬಾಯಿಗೆ ಟೇಪು ಸುತ್ಕೊಂಡ್ರು ಅಂತ ಹೇಳ್ಲಾ? ಹನ್ನೆರಡೂವರೆಗೆ ಅವಳೇ ಕೇಳಿ ಕತ್ತರಿಸ್ಕೊಂಡ್ಳು ಅಂತ ಬರೆದಿದಾರೆ. ನಿಮ್ಮ ಕಟರ್ ಎಷ್ಟು ಗಂಟೆಗೆ ಹೋಗಿ ಎಷ್ಟು ಗಂಟೆಗೆ ಬಂತು, ನೀವೇ ಹೇಳಿ. ನಿಮಗೆ ಗೊತ್ತಿಲ್ದೆ ಒಂದು ಮೊಳೆ ಆಚೆ ಹೋಗಲ್ಲ ಅಂತ ಕೊಚ್ಕೋತೀರಲ್ಲ!"

ಅವನು ಕುರ್ಚಿಯ ಬೆನ್ನನ್ನು ಹಿಡಿದು ನಿಂತ. ಮಗು ಅಪ್ಪನನ್ನೂ ಅಮ್ಮನನ್ನೂ ಸರದಿಯಂತೆ ನೋಡಿತು.

"ಹನ್ನೊಂದೂ ಐವತ್ತಕ್ಕೆ ಹೋಯ್ತು" ಎಂದ. "ಹನ್ನೆರಡೂ ಐದಕ್ಕೆ ವಾಪಸ್ ಬಂತು. ಎರಡಕ್ಕೂ ಅವನ ಸಹಿ ಇದೆ."

"ಅಂದ್ರೆ ಅವಳು ಕೇಳಿದ್ಳು ಅನ್ನೋ ಹೊತ್ತಿಗೆ ಕಟರ್ ನಿಮ್ಮ ಕಪಾಟಿನಲ್ಲಿತ್ತು."

"ಮ್." ಅವನು ಅಂಗಿಯ ಜೇಬಿನಿಂದ ಕಾಗದವೊಂದನ್ನು ತೆಗೆದ. ನಾಲ್ಕಾಗಿ ಮಡಿಚಿದ, ಅಂಚು ಮೆತ್ತಗಾದ, ಅದೇ ಚೀಟಿಯ ಹಳದಿ ನಕಲು. ಸೋಮವಾರದಿಂದ ಅದು ಅವನ ಎದೆಯ ಮೇಲೇ ಇತ್ತೆಂದು ಆಗ ಅವಳಿಗೆ ತಿಳಿಯಿತು. "ಬರೀ ಬಾಯಲ್ಲಿ ಹೇಳಿದ್ರೆ ಏನು ಉಪಯೋಗ? ಚೀಟಿ ನಂಬರ್ ಹೇಳು. ಇಲ್ದಿದ್ರೆ ಅವರಿಗೆ ಆ ಪುಸ್ತಕದಲ್ಲಿ ಹುಡುಕೋದು ಕಷ್ಟ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗುವನ್ನು ಅವನ ತೋಳಿಗೆ ದಾಟಿಸಿ, ಕನ್ನಡಿಯ ಸಂದಿಯಿಂದ ಕಾರ್ಡು ಕಿತ್ತು, ನಂಬರ್ ಒತ್ತಿದಳು. ಈ ಸಲ ಕಡಿಯಲಿಲ್ಲ. ಕಾಗದದ ಮೇಲೆ ಬರೆದಿಟ್ಟುಕೊಳ್ಳಲೂ ಇಲ್ಲ.

"ಹಲೋ, ತಪಾಸಣೆ ಕಚೇರಿನಾ? ರಟ್ಟಿನ ಪೆಟ್ಟಿಗೆ ಕಾರ್ಖಾನೆ ದೂರಿನ ವಿಷಯಕ್ಕೆ ಮಾಡಿದೀನಿ. ನನ್ನ ಹತ್ರ ಎರಡು ಸಾಕ್ಷಿ ಇದೆ."

ಮೊದಲು ಚೀಟಿಯದ್ದು ಹೇಳಿದಳು. ನಂಬರ್, ಹೋದ ಹೊತ್ತು, ಬಂದ ಹೊತ್ತು, ಯಾರ ಸಹಿ, ಕೊಟ್ಟವರು ಯಾರು. ಕೊಟ್ಟವರ ಹೆಸರು ಹೇಳುವಾಗ ಗಂಡನ ಮುಖ ನೋಡಿದಳು. ಅವನು ಮಗುವಿನ ಬೆನ್ನು ತಟ್ಟುತ್ತಾ ತಲೆಯಾಡಿಸಿದ.

"ಎರಡನೇದು, ಅವಳು ಆಯ್ತು ಅಂತ ಹೇಳಿದ್ಳು ಅಂತ ಬರೆದಿದಾರಲ್ಲ ಸಾರ್. ಆ ಮಾತು ಅವಳು ಆಡಲ್ಲ. ಇಪ್ಪತ್ತೆರಡು ವರ್ಷದಿಂದ ಆಡಿಲ್ಲ. ನಾನು ಆಡಿದಾಗೆಲ್ಲ ಪಾತ್ರೆ ತೊಳ್ಸಿದಾಳೆ. ಬೇಕಾದ್ರೆ ಕಾರ್ಖಾನೇಲಿ ಮುನ್ನೂರು ಜನ ಇದಾರೆ, ಒಬ್ಬೊಬ್ಬರನ್ನೂ ಕೇಳಿ. ಬೀಗಿತ್ತಿ ಬಾಯಲ್ಲಿ ಆಯ್ತು ಅಂತ ಕೇಳಿದೋರು ಒಬ್ಬರಿದ್ರೂ ದೂರು ವಾಪಸ್ ತಗೊಳ್ಳೋಕೆ ನಾನೇ ಹೇಳ್ತೀನಿ."

ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಗುಮಾಸ್ತನ ಆಕಳಿಕೆ ಬೆರೆತ ದನಿ. "ಆಯ್ತಮ್ಮ."

ಬೇರೆ ದಿನವಾಗಿದ್ದರೆ ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟು, ಸಂಜೆಯವರೆಗೂ ಅದರ ಅರ್ಥವೇನಿರಬಹುದೆಂದು ತಲೆ ಕೆಡಿಸಿಕೊಳ್ಳುತ್ತಿದ್ದಳು.

"ಆಯ್ತು ಅಂದ್ರೆ ಏನು ಸಾರ್? ಬರ್ಕೊಂಡ್ರಾ? ಕೇಳಿಸ್ಕೊಂಡ್ರಾ? ಇಲ್ಲಾ, ಸಾಕು ಇಡಮ್ಮ ಅಂತಾನಾ?"

ಕುರ್ಚಿ ಎಳೆದುಕೊಂಡ ಸದ್ದು. ಈಗ ದನಿಯಲ್ಲಿ ಆಕಳಿಕೆ ಇರಲಿಲ್ಲ. "ಇರಿ, ಪೆನ್ನು ತಗೋತೀನಿ. ಇನ್ನೊಂದು ಸಲ ಹೇಳಿ."

ಅವಳು ಇನ್ನೊಂದು ಸಲ ಹೇಳಿದಳು. ಗುಮಾಸ್ತ ಬರೆದುಕೊಂಡದ್ದನ್ನು ಓದಿ ಹೇಳಿದ. ಅವಳು ಹಳದಿ ನಕಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿಯನ್ನು ತಾಳೆ ನೋಡಿದಳು. ಪಕ್ಕದಲ್ಲಿ ಗಂಡ ಒಂದೊಂದು ಅಂಕಿಗೂ 'ಹೂಂ' ಎಂದ.

"ಸರಿ ಇದೆ ಸಾರ್."

"ತಿಳಿಸಿದ್ದು ಯಾರು ಅಂತ ಹಾಕ್ಲಿ? ಹೆಸರು ಬೇಡ ಅಂದ್ರೆ ಬಿಡ್ತೀನಿ. ತುಂಬ ಜನ ಬೇಡ ಅಂತಾರೆ."

"ಹಾಕಿ. ಬೀಗಿತ್ತಿ ತಂಗಿ ಅಂತ ಹಾಕಿ" ಎಂದಳು. ಕೈ ನಡುಗುವುದು ಯಾವಾಗ ನಿಂತಿತೋ ಅವಳಿಗೇ ಗೊತ್ತಾಗಿರಲಿಲ್ಲ. "ಅದರ ಕೆಳಗೆ ನನ್ನ ಪೂರ್ತಿ ಹೆಸರು. ನಿಧಾನಕ್ಕೆ ಹೇಳ್ತೀನಿ, ಬರ್ಕೊಳ್ಳಿ."